ಕಂಟ್ರೋಲರ್ ಮನೆಯ ತಂಬಿಟ್ಟು

ಮಹೇಶ್ವರಪ್ಪ ಬಸ್‌ಸ್ಟ್ಯಾಂಡಿನ ಕಂಟ್ರೋಲರ್ ಕೆಲಸದಿಂದ ನಿವೃತ್ತನಾದ ಮೇಲೂ ಹೊನ್ನಾಳಿಯ ಬಸ್ಸುಗಳು ಹೊತ್ತಿಗೆ ಸರಿಯಾಗಿ ಹೊರಡುತ್ತಲೇ ಇದ್ದವು. ಅದೇ ಅವನಿಗೆ ಒಳಗೊಳಗೇ ಬೇಜಾರು. ಮನೆಯಲ್ಲಿ ಕೂತವನು ಕೆಲವು ದಿನ ಪೇಪರ್ ಓದಿದ, ಕೆಲವು ದಿನ ಮಗ ವಿನಯ್ ಕುಮಾರ್ ಕೊಡಿಸಿದ ದೊಡ್ಡ ಫೋನ್ ನೋಡಿದ, ಆಮೇಲೆ ಒಂದು ಬೆಳಿಗ್ಗೆ ಎದ್ದು ಅಡಿಗೆಮನೆಗೆ ಕಾಲಿಟ್ಟ. ಅವನ ಹೆಂಡತಿ ಕಸ್ತೂರಮ್ಮನ ಕಷ್ಟ ಶುರುವಾದದ್ದು ಅಲ್ಲಿಂದ.

ಫೋನಿನೊಳಗೆ ಯಾರೋ ಒಬ್ಬ ಹೆಣ್ಣುಮಗಳು ದಿನಕ್ಕೊಂದು ಟಿಪ್ಸ್ ಹೇಳುತ್ತಿದ್ದಳು. ಹಸಿಮೆಣಸಿನಕಾಯಿಯ ತೊಟ್ಟು ಮುರಿದು ಪೇಪರಿನಲ್ಲಿ ಸುತ್ತಿಟ್ಟರೆ ಬೇಗ ಕೊಳೆಯುವುದಿಲ್ಲ. ಸಕ್ಕರೆ ಡಬ್ಬಿಗೆ ಲವಂಗ ಹಾಕಿದರೆ ಇರುವೆ ಬರುವುದಿಲ್ಲ. ಹಾಲಿನ ಪಾತ್ರೆಯ ಮೇಲೆ ಮರದ ಸೌಟು ಅಡ್ಡ ಇಟ್ಟರೆ ಹಾಲು ಉಕ್ಕುವುದಿಲ್ಲ. ಇವೆಲ್ಲ ಕಸ್ತೂರಮ್ಮ ಮದುವೆಯಾಗಿ ಬಂದಾಗಿನಿಂದ ಮಾಡಿಕೊಂಡು ಬಂದ ಕೆಲಸಗಳೇ. ಗಂಡ ಮಾತ್ರ ತಾನೇ ಕಂಡುಹಿಡಿದವನಂತೆ ಅವಳಿಗೇ ಹೇಳಿಕೊಡುತ್ತಿದ್ದ.

"ನೋಡೇ ಕಸ್ತೂರಿ, ಹಾಲು ಹೆಂಗೆ ಸುಮ್ನೆ ಕುಂತೈತೆ."

"ಇಷ್ಟು ವರ್ಷ ನಾನು ಕಾಸಿಕೊಟ್ಟ ಹಾಲು ತನ್ನಷ್ಟಕ್ಕೆ ತಾನೇ ಸುಮ್ನೆ ಕುಂತಿತ್ತು ಅಂತ ತಿಳ್ಕಂಡಿದ್ರೇನ್ರಿ?"

ಅವನಿಗೆ ಇಂಥ ಮಾತು ಕೇಳಿಸುತ್ತಿರಲಿಲ್ಲ. ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ ಬೇಡದ್ದನ್ನು ಕೇಳಿಸಿಕೊಳ್ಳದೆ ಇರುವುದನ್ನು ಚೆನ್ನಾಗಿ ಕಲಿತಿದ್ದ. ಒಂದು ದಿನ ವಿನಯ್ ತನ್ನ ಮೋಟರ್ ರಿವೈಂಡಿಂಗ್ ಅಂಗಡಿಗೆ ಹೊರಟವನು ಬಾಗಿಲಲ್ಲೇ ಕುಣಿಯತೊಡಗಿದ.

"ಅಪ್ಪಾಜಿ, ನನ್ ಶೂ ಯಾರು ಮುಟ್ಟಿದ್ದು?"

"ಪಾಲಿಶ್ ಮಾಡೀನಿ. ಬಾಳೆಹಣ್ಣಿನ ಸಿಪ್ಪೆ ತಿಕ್ಕಿದ್ರೆ ಸಾಕು, ಪೈಸೆ ಖರ್ಚಿಲ್ಲ."

"ಒಳಗೆ ಇರುವೆ ಅದಾವೆ!"

"ಹಂಗಾದ್ರೆ ಒಂದೆರಡು ಲವಂಗ ಹಾಕ್ಯ."

ಸೊಸೆ ಸಂಧ್ಯಾರಾಣಿ ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡು ಹಿತ್ತಲಿಗೆ ಓಡಿದಳು. ಅವಳು ಜಗಳೂರು ಕಡೆಯ ಹುಡುಗಿ, ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದಳು. ಮಾತು ಕಮ್ಮಿ, ಕೆಲಸ ಜಾಸ್ತಿ. ಕಸ್ತೂರಮ್ಮನಿಗೆ ನಗು ಬರಲಿಲ್ಲ. ಮುಂಚೆ ಬೆಳಗಿನ ಕೆಲಸ ಮುಗಿದ ಮೇಲೆ ಒಂದು ಲೋಟ ಟೀ ಹಿಡಿದು, ಅಡಿಗೆಮನೆಯ ಹೊಸ್ತಿಲ ಮೇಲೆ ಒಬ್ಬಳೇ ಕೂರುತ್ತಿದ್ದಳು. ಯಾರೂ ಏನೂ ಕೇಳದ ಹೊತ್ತು ಅದು. ಈಗ ಆ ಹೊತ್ತಿನಲ್ಲಿ ಗಂಡ ಡಬ್ಬಿಗಳನ್ನೆಲ್ಲ ಕೆಳಗಿಳಿಸಿ, ಎತ್ತರದ ಪ್ರಕಾರ ಜೋಡಿಸಿ, ಜೀರಿಗೆ ಎಲ್ಲಿ ಅಂತ ಅವಳೇ ಹುಡುಕುವ ಹಾಗೆ ಮಾಡಿಡುತ್ತಿದ್ದ.

"ಈ ಮನ್ಯಾಗೆ ನಂದು ಅಂತ ಇದ್ದಿದ್ದು ಇದೊಂದು ಕೋಣೆ," ಅಂತ ಅವಳು ಸೊಸೆಗೆ ಹೇಳಿದಳು. "ಅದೂ ಹೋತು."

ಆದರೆ ಆ ದಿನಗಳಲ್ಲಿ ಅವಳ ಮನಸ್ಸು ನಿಜವಾಗಿ ನಿಂತಿದ್ದದ್ದು ಅಡಿಗೆಮನೆಯ ಮೇಲಲ್ಲ, ಮಗಳ ಮೇಲೆ. ರೂಪಶ್ರೀಯನ್ನು ಚನ್ನಗಿರಿ ತಾಲ್ಲೂಕಿನ ನಲ್ಲೂರಿಗೆ ಕೊಟ್ಟಿದ್ದರು. ಅಡಿಕೆ ವ್ಯಾಪಾರದ ಮನೆ, ಗಂಡ ಸಿದ್ದೇಶ್ ಒಳ್ಳೆಯ ಹುಡುಗ. ಹೋದ ವರ್ಷ ರೂಪಶ್ರೀ ಬಸುರಿಯಾಗಿ, ತವರಿಗೆ ಬಂದು ನಾಲ್ಕು ದಿನ ಇದ್ದಾಗಲೇ ಗರ್ಭ ಇಳಿದುಹೋಯಿತು. ಯಾರ ತಪ್ಪೂ ಅಲ್ಲ, ಕೆಲವು ಸಲ ಹೀಗಾಗುತ್ತದೆ ಅಂತ ಡಾಕ್ಟರು ಹೇಳಿದ್ದರು. ರೂಪಶ್ರೀಯ ಅತ್ತೆ ಕರಿಬಸಮ್ಮ ಡಾಕ್ಟರ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಹೊನ್ನಾಳಿಗೆ ಹೋಗಿ ಕಳೆದುಕೊಂಡು ಬಂದಳು ಅನ್ನುವುದೊಂದೇ ಅವಳ ತಲೆಯಲ್ಲಿ ಉಳಿಯಿತು.

ಈಗ ಮತ್ತೆ ಏಳು ತಿಂಗಳು. ಕುಬಸ ಮಾಡಿ, ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಚೊಚ್ಚಲ ಬಾಣಂತನಕ್ಕೆ ಮಗಳನ್ನು ತವರಿಗೆ ಕರೆತರಬೇಕು. ಕರಿಬಸಮ್ಮ ಫೋನಿನಲ್ಲಿ ಒಂದೇ ಮಾತು ಹೇಳಿದ್ದಳು: "ಕುಬಸ ಆಗ್ಲಿ. ಕಳ್ಸೋದು ಬಿಡೋದು ಆಮ್ಯಾಲೆ ನೋಡಾನ."

ರೂಪಶ್ರೀ ಗುಟ್ಟಾಗಿ ಫೋನ್ ಮಾಡಿ, "ಅಮ್ಮ, ಹೆಂಗಾದ್ರೂ ಮಾಡಿ ಕರ್ಕಂಡು ಹೋಗು. ನಂಗೆ ನಿನ್ ಹತ್ರನೇ ಇರಬೇಕು," ಅಂದಿದ್ದಳು. ಆ ಮಾತು ಕೇಳಿದಂದಿನಿಂದ ಕಸ್ತೂರಮ್ಮನಿಗೆ ಅನ್ನ ಸರಿಯಾಗಿ ಇಳಿಯುತ್ತಿರಲಿಲ್ಲ. ಬೀಗರ ಮುಂದೆ ಒಂದು ಕೂದಲೆಳೆ ಹೆಚ್ಚುಕಮ್ಮಿ ಆಗಬಾರದು ಅಂತ ಅವಳು ನಿಂತಲ್ಲಿ ಕೂತಲ್ಲಿ ಜಪಿಸುತ್ತಿದ್ದಳು.

ಬುತ್ತಿಯ ಮಾತು ಬಂದಾಗ ಊಟದ ಹೊತ್ತಿನಲ್ಲೇ ಜಗಳವಾಯಿತು. ಕುಬಸಕ್ಕೆ ತವರಿನಿಂದ ತಿಂಡಿಗಳ ಬುತ್ತಿ ಹೋಗಬೇಕು, ಅದನ್ನು ಬೀಗರ ಬೀದಿಯ ಮನೆಮನೆಗೆ ಹಂಚಬೇಕು.

"ದಾವಣಗೆರೆಗೆ ಆರ್ಡರ್ ಕೊಡ್ತೀನಿ," ಅಂದ ವಿನಯ್. "ಕಾಜು ಬರ್ಫಿ, ಚೆಂದನ ಬಾಕ್ಸ್. ನಲ್ಲೂರಿನೋರು ಅಂಥದ್ದು ನೋಡಿದ ಮಂದಿ."

"ದುಡ್ಡು ಗಿಡದಾಗೆ ಬಿಡ್ತೈತೇನು?" ಅಂದ ಮಹೇಶ್ವರಪ್ಪ. "ಮನ್ಯಾಗೇ ಮಾಡಾನ. ಬಾಕ್ಸೂ ನಾನೇ ಮಾಡ್ತೀನಿ. ಹಳೇ ಲಗ್ನಪತ್ರಿಕೆ ಅಟ್ಟದ ಮ್ಯಾಲೆ ರಾಶಿ ಬಿದ್ದಾವೆ."

"ಅಪ್ಪಾಜಿ, ಬೇರೆಯೋರ ಮದುವೆ ಕಾಗದದಾಗೆ ನಮ್ ರೂಪನ ಕುಬಸದ ಉಂಡೆನಾ?"

"ಹೊಳ್ಳಿಸಿ ಮಡಚಿದ್ರೆ ಹೆಸರು ಒಳಗೆ ಹೋಗ್ತಾವೆ."

ಇಬ್ಬರೂ ಕಸ್ತೂರಮ್ಮನ ಕಡೆ ನೋಡಿದರು. ಅವಳು ಮಗನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕುತ್ತ, "ತವರಿನ ಬುತ್ತಿ ಅಂದ್ರೆ ತಾಯಿ ಕೈಯಿಂದು. ಅಂಗಡೀದು ಬ್ಯಾಡ," ಅಂದಳು. ಆಮೇಲೆ ಗಂಡನ ಕಡೆ ತಿರುಗಿ, "ನೀವು ಬಾಕ್ಸ್ ಮಾಡ್ರಿ. ಒಲೆ ಹತ್ರ ಮಾತ್ರ ಬರಬ್ಯಾಡ್ರಿ, ಕೈ ಮುಗೀತೀನಿ," ಅಂದಳು. ಅವನು ಮೊದಲ ಅರ್ಧವನ್ನು ಮಾತ್ರ ಕೇಳಿಸಿಕೊಂಡ.

ಮುಂದಿನ ವಾರಗಳಲ್ಲಿ ಮನೆ ತುಂಬ ಕೊಬ್ಬರಿಯ, ಹುರಿದ ಶೇಂಗಾದ ಘಮ. ಕೆಡದೆ ಬಹಳ ದಿನ ಇರುವ ಚಟ್ನಿಪುಡಿಯನ್ನು ಮೊದಲು ಮಾಡಿ, ತೊಳೆದು ಬಿಸಿಲಿಗಿಟ್ಟ ಹಾರ್ಲಿಕ್ಸ್ ಬಾಟಲಿಗಳಿಗೆ ತುಂಬಿದರು. ಆಮೇಲೆ ಚಕ್ಕುಲಿ, ಕೊಬ್ಬರಿ ಕರ್ಚಿಕಾಯಿ, ಶೇಂಗಾ ಹೋಳಿಗೆ. ಸಂಧ್ಯಾರಾಣಿ ಚಕ್ಕುಲಿ ಹಿಟ್ಟಿಗೆ ಕಾದ ಎಣ್ಣೆಯ ಬದಲು ಬೆಣ್ಣೆ ಹಾಕೋಣ ಅಂದಾಗ ಅತ್ತೆ ಒಪ್ಪಿದಳು. ಪಡಸಾಲೆಯಲ್ಲಿ ಮಹೇಶ್ವರಪ್ಪ ಕತ್ತರಿ, ಗೋಂದು ಹಿಡಿದು ಕೂತಿದ್ದ. ಬಾಕ್ಸುಗಳು ಒಂದಕ್ಕಿಂತ ಒಂದು ಚೆನ್ನಾಗಿ ಬಂದವು ಅನ್ನುವುದನ್ನು ಮಾತ್ರ ಒಪ್ಪಲೇಬೇಕು. ವಿನಯ್ ಕೂಡ ಒಂದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ಮೆಲ್ಲಗೆ ಕೆಳಗಿಟ್ಟ.

ಕೊನೆಗೆ ಉಳಿದದ್ದು ತಂಬಿಟ್ಟು. ಬುತ್ತಿಯಲ್ಲಿ ಅದೇ ಮುಖ್ಯ. ಮಾಡುವವರು ರುಚಿ ನೋಡುವ ಹಾಗಿಲ್ಲ, ಅದು ಮೀಸಲು. ತಾಯಿ ಕೈಯಾರೆ ಬಸುರಿ ಮಗಳಿಗೆ ಮೊದಲ ತುತ್ತು ತಿನ್ನಿಸಬೇಕು, ಆಮೇಲೇ ಬೇರೆಯವರು ಬಾಯಿಗಿಡಬೇಕು. ತಂಬಿಟ್ಟಿನ ಪುಟಾಣಿಯನ್ನು, ಅಂದರೆ ಹುರಿಗಡಲೆಯನ್ನು, ಮಹೇಶ್ವರಪ್ಪನೇ ಉಗ್ರಾಣದಿಂದ ಅಳೆದು, ಮಿಲ್ಲಿಗೆ ಒಯ್ದು ಬೀಸಿಸಿಕೊಂಡು ಬಂದ. ಎಣ್ಣೆ ಹೊಗೆಗೆ ಕಸ್ತೂರಮ್ಮನಿಗೆ ಆಗ ಮೂಗು ಕಟ್ಟಿತ್ತು. ಬೆಲ್ಲ, ಕೊಬ್ಬರಿ, ಏಲಕ್ಕಿ ಬೆರೆಸಿ, ತುಪ್ಪ ಹಾಕಿ ಉಂಡೆ ಕಟ್ಟತೊಡಗಿದಾಗ ಅವಳಿಗೆ ಆಶ್ಚರ್ಯವಾಯಿತು.

"ಈ ಸಲ ತುಪ್ಪ ಭಾಳ ಕಮ್ಮಿ ಹಿಡೀತಲ್ಲೇ. ಪುಡಿ ತಾನೇ ಕೂಡ್ಕಂತೈತೆ."

"ಮಿಲ್ಲಿಗೆ ಯಾರು ಹೋಗಿದ್ದು?" ಅಂತ ಹೊರಗಿನಿಂದ ಗಂಡನ ದನಿ ಬಂತು.

ಸಂಧ್ಯಾರಾಣಿ ಅಂಗೈಯನ್ನು ಮೂಗಿನ ಹತ್ತಿರ ಹಿಡಿದಳು. "ಅತ್ತೆ, ಒಂಥರಾ ವಾಸನೆ ಬರ್ತೈತೆ."

"ಏಲಕ್ಕಿ ಹಳೇದು ಇರಬೇಕು. ಇನ್ನೊಂದಿಷ್ಟು ಕುಟ್ಟಿ ಹಾಕು," ಅಂದಳು ಕಸ್ತೂರಮ್ಮ. ಉಳಿದ ತುಪ್ಪ ನೋಡಿ ಅವಳಿಗೂ ಖುಷಿಯಾಗಿತ್ತು. ಉಳಿತಾಯದ ಹುಚ್ಚು ಗಂಡನೊಬ್ಬನಿಗೇ ಇರಲಿಲ್ಲ.

ಕುಬಸದ ದಿನ ವಿನಯ್ ಗೆಳೆಯನ ಕಾರು ತಂದ. ನಲ್ಲೂರು ಮುಟ್ಟಿದಾಗ ಬೀಗರ ಮನೆ ಮುಂದೆ ಶಾಮಿಯಾನ ಹಾಕಿತ್ತು. ಕರಿಬಸಮ್ಮ ಬಾಗಿಲಲ್ಲೇ ಬುತ್ತಿ ಇಳಿಸಿಕೊಂಡು, ಬಾಕ್ಸುಗಳನ್ನು ಕಣ್ಣಲ್ಲೇ ಅಳೆದು, "ಬಾಕ್ಸ್ ಚೆಂದ ಅದಾವೆ, ಎಲ್ಲಿ ಮಾಡಿಸಿದ್ರಿ?" ಅಂದಳು. "ನಮ್ಮನೆಯೋರೇ ಮಾಡಿದ್ದು," ಅಂದಾಗ ಕಸ್ತೂರಮ್ಮನ ದನಿಯಲ್ಲಿ ಹೆಮ್ಮೆ ಇತ್ತು. ಬಾಕ್ಸುಗಳು ಆಗಲೇ ಬೀದಿಯ ಮನೆಗಳಿಗೆ ಹೋದವು. ಬಸುರಿಯ ತುತ್ತು ಆಗುವ ತನಕ ಅವನ್ನು ಯಾರೂ ಬಿಚ್ಚುವುದಿಲ್ಲ.

ನಡುಮನೆಯಲ್ಲಿ ಹಸಿರು ಸೀರೆ, ಕೈತುಂಬ ಹಸಿರು ಬಳೆ ತೊಟ್ಟು ರೂಪಶ್ರೀ ಕೂತಿದ್ದಳು. ಅವಳ ಮುಖ ನೋಡಿದ್ದೇ ಕಸ್ತೂರಮ್ಮನ ಕಣ್ಣು ಒದ್ದೆಯಾಯಿತು. ಹೆಂಗಸರು ಸುತ್ತ ಸೇರಿ ಆರತಿ ಮಾಡಿದರು, ಉಡಿ ತುಂಬಿದರು. "ಹೂಂ, ತವರಿನ ತುತ್ತು ಆಗ್ಲಿ," ಅಂದಳು ಕರಿಬಸಮ್ಮ.

ಕಸ್ತೂರಮ್ಮ ತಂಬಿಟ್ಟು ಮುರಿದು ಕೈಯೆತ್ತಿದಳು. ಕಿಟಕಿಯಾಚೆ ಜಗಲಿಯ ಮೇಲೆ ಗಂಡಸರು ಮಾತಾಡುತ್ತಿದ್ದರು. ಬಸ್ಸುಗಳ ಹೆಸರು ಕೂಗಿ ಪಳಗಿದ ಮಹೇಶ್ವರಪ್ಪನ ಗಂಟಲು ಎಲ್ಲರಿಗಿಂತ ಮೇಲಿತ್ತು. ಅವನು ಬೀಗ ಹನುಮಂತಪ್ಪನಿಗೆ ಪಾಠ ಹೇಳುತ್ತಿದ್ದ.

"ಸೇರಿಗೆ ಒಂದು ಚಮಚ ಹರಳೆಣ್ಣೆ ಸಾಕು ಬೀಗ್ರೇ. ಉಗ್ರಾಣದಾಗಿರೋ ಬೇಳೆ, ಕಾಳು, ಪುಟಾಣಿ, ಒಂದೂ ಬಿಟ್ಟಿಲ್ಲ, ಎಲ್ಲಾದಕ್ಕೂ ನಾನೇ ಕೈಯಾರೆ ಸವರಿಟ್ಟೀನಿ. ಒಂದು ಹುಳ ಬಿದ್ರೆ ಕೇಳ್ರಿ."

ಕಸ್ತೂರಮ್ಮನ ಕೈ ಮಗಳ ತುಟಿಯ ಹತ್ತಿರ ನಿಂತುಬಿಟ್ಟಿತು. ತೊಗರಿಬೇಳೆಗೆ ಹರಳೆಣ್ಣೆ ಸವರುವುದು ಅವಳಿಗೂ ಗೊತ್ತು. ಬೇಳೆಯನ್ನು ಬೇಯಿಸುವ ಮುಂಚೆ ಬಿಸಿನೀರಲ್ಲಿ ತಿಕ್ಕಿ ತೊಳೆಯುತ್ತಾರೆ, ಎಣ್ಣೆ ಹೋಗುತ್ತದೆ. ಪುಟಾಣಿಯನ್ನು ಯಾರು ತೊಳೆಯುತ್ತಾರೆ? ಅವಳು ಕೈಯನ್ನು ಹಿಂದಕ್ಕೆ ತಂದು ಮೂಸಿದಳು. ಮೂಗು ಈಗ ಬಿಟ್ಟಿತ್ತು. ಏಲಕ್ಕಿಯ ಹಿಂದೆ ಹರಳೆಣ್ಣೆಯ ಕಮಟು ಕೂತಿತ್ತು.

ದಿನ ತುಂಬಿದ ಮೇಲೂ ನೋವು ಬಾರದ ಬಸುರಿಯರಿಗೆ ಹಿಂದೆ ಕುಡಿಸುತ್ತಿದ್ದದ್ದು ಇದನ್ನೇ. ಒಂದು ತುತ್ತಿನಿಂದ ಏನೂ ಆಗಲಿಕ್ಕಿಲ್ಲ. ಸುಮ್ಮನೆ ತಿನ್ನಿಸಿದರೆ ಯಾರಿಗೂ ತಿಳಿಯುವುದೂ ಇಲ್ಲ, ಸಂಜೆಗೆ ಮಗಳು ಕಾರು ಹತ್ತುತ್ತಾಳೆ. ಹೋದ ವರ್ಷ ಹಾಸಿಗೆಯ ಮೇಲೆ ಮುದುಡಿ ಮಲಗಿ ಅತ್ತ ಅದೇ ಮಗಳು. ಕಸ್ತೂರಮ್ಮ ತುತ್ತನ್ನು ತಟ್ಟೆಗೆ ಹಾಕಿ, ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡಳು.

"ಯಾಕ್ರೀ?" ಅಂದಳು ಕರಿಬಸಮ್ಮ. "ಬಾಯಿ ತಂಕ ಬಂದ ತುತ್ತು ಹಿಂದಕ್ಕೆ ತಗಳ್ತಾರೇನು?"

"ಇದು ಬ್ಯಾಡ್ರಿ. ಇದರಾಗೆ ಹರಳೆಣ್ಣೆ ಐತೆ."

"ಹರಳೆಣ್ಣೆನಾ? ಬಸುರಿ ತಟ್ಟ್ಯಾಗೆ?" ಕರಿಬಸಮ್ಮನ ದನಿ ಏರಿತು. "ಹೋದ ವರ್ಷ ನಿಮ್ಮನೆಗೆ ಬಂದು ಕಳ್ಕಂಡ್ಲು. ಈ ವರ್ಷ ನೀವೇ ಮನೆ ಬಾಗಿಲಿಗೆ ಹೊತ್ಕಂಡು ಬಂದ್ರಾ? ಇಂಥ ಮನೆಗೆ ಹುಡುಗೀನ ಕಳ್ಸು ಅಂತೀರಲ್ಲ, ಯಾವ ಧೈರ್ಯದ ಮ್ಯಾಲೆ ಕಳ್ಸಲಿ?"

ರೂಪಶ್ರೀ ತಾಯಿಯ ಸೆರಗಿನ ತುದಿ ಹಿಡಿದುಕೊಂಡಳು. "ರೀ," ಅಂತ ಕಸ್ತೂರಮ್ಮ ಕಿಟಕಿಯ ಕಡೆ ತಿರುಗಿ ಕರೆದಳು, "ಒಳಗೆ ಬರ್ರಿ."

ಮಹೇಶ್ವರಪ್ಪ ನಗುತ್ತಲೇ ಬಾಗಿಲಿಗೆ ಬಂದ.

"ಪುಟಾಣಿಗೂ ಹರಳೆಣ್ಣೆ ಹಚ್ಚಿದ್ರಾ?"

"ಹೂಂ. ಯಾಕೆ?"

"ಅದೇ ಪುಟಾಣಿ ಮಿಲ್ಲಿಗೆ ಒಯ್ದಿದ್ದು. ಅದೇ ತಂಬಿಟ್ಟು."

ಅವನು ಹೆಂಡತಿಯನ್ನು ನೋಡಿದ, ತಟ್ಟೆಯನ್ನು ನೋಡಿದ, ಮಗಳ ಹೊಟ್ಟೆಯನ್ನು ನೋಡಿದ. ನಗು ಮುಖದ ಮೇಲಿಂದ ಇಳಿದುಹೋಯಿತು. "ತಿಂದ್ಳಾ?"

"ಇಲ್ಲ."

ಅವನು ಬಾಗಿಲ ಚೌಕಟ್ಟು ಹಿಡಿದು ಒಂದು ಉಸಿರು ಬಿಟ್ಟ. ಮರುಕ್ಷಣ, "ಬೀದಿಗೆ ಹಂಚಿದ್ದು?" ಅಂದ.

"ಹೋಗ್ಲಿ ಬಿಡ್ರಿ ಬೀಗ್ರೇ," ಅಂದ ಹನುಮಂತಪ್ಪ, ವಾತಾವರಣ ತಿಳಿಮಾಡಲು ನೋಡುತ್ತ. "ಬೀರಿದ ಬುತ್ತಿ ವಾಪಸ್ ಕೇಳ್ತಾರೇನು? ಗಟ್ಟಿ ಮಂದಿ ತಿಂದ್ರೆ ಹೊಟ್ಟೆ ಸಾಫ್ ಆಗ್ತೈತೆ, ಅಷ್ಟೇ."

"ಆ ಮನೆಗಳಾಗೆ ಇನ್ನೊಬ್ಬ ಬಸುರಿ ಹೆಣ್ಣುಮಗಳು ಇದ್ರೆ?" ಮಹೇಶ್ವರಪ್ಪ ಮೂಲೆಯಲ್ಲಿದ್ದ ಖಾಲಿ ಬುತ್ತಿ ಚೀಲ ಎತ್ತಿಕೊಂಡು ಹೊರಟೇಬಿಟ್ಟ. ವಿನಯ್ ಅವನ ಹಿಂದೆ ಹೋಗಲು ಎದ್ದಾಗ, "ನೀನು ಬ್ಯಾಡ. ನಂದು ನಾನೇ ಹೇಳ್ತೀನಿ," ಅಂದ.

ನಡುಮನೆಯಲ್ಲಿ ಕೂತವರಿಗೆಲ್ಲ ಕೇಳಿಸಿತು, ಅಂಥ ಗಂಟಲು. "ನಾನು ಹೊನ್ನಾಳಿ ಮಹೇಶ್ವರಪ್ಪ, ರೂಪಶ್ರೀ ತಂದೆ. ತಂಬಿಟ್ಟು ತಿನ್ನಬ್ಯಾಡ್ರಿ ತಾಯಿ. ನಾನು ತಿಳೀದೆ ಪುಟಾಣಿಗೆ ಹರಳೆಣ್ಣೆ ಹಚ್ಚಿಬಿಟ್ಟೀನಿ. ತಪ್ಪು ನಂದು. ನಮ್ ಹೆಂಗಸರದ್ದಲ್ಲ." ಪಕ್ಕದ ಮನೆ. ಮತ್ತೆ ಅದೇ ಮಾತು. ಯಾರೋ ನಕ್ಕರು. ಅದರಾಚೆ ಮನೆ. "ತಪ್ಪು ನಂದು ತಾಯಿ."

ಕಸ್ತೂರಮ್ಮ ನೆಲ ನೋಡುತ್ತ ಕೂತಿದ್ದಳು. ಬಸ್ಸು ತಡವಾದರೆ ಡ್ರೈವರಿನದು, ಸಾರು ಉಪ್ಪಾದರೆ ಹೆಂಡತಿಯದು, ಹೀಗೆ ಬದುಕಿದ ಗಂಡಸು. ಆ ಬಾಯಿಂದ ಈ ಮಾತು ಬರುತ್ತದೆ ಅಂತ ಅವಳು ಎಂದೂ ಎಣಿಸಿರಲಿಲ್ಲ. ಅವಳಿಗೆ ಅವಮಾನವೂ ಆಯಿತು, ಅವನ ಮೇಲೆ ಎಷ್ಟೋ ವರ್ಷದಿಂದ ಬಾರದಿದ್ದ ಪ್ರೀತಿಯೂ ಬಂತು. ಎರಡೂ ಸೇರಿ ಅಳು ಬಂತು.

"ನಾನೂ ಕೇಳ್ಲಿಲ್ಲ," ಅಂದಳು ಕರಿಬಸಮ್ಮನಿಗೆ. "ವಾಸನೆ ಬರ್ತೈತೆ ಅಂತ ನನ್ ಸೊಸೆ ಹೇಳಿದ್ಲು. ನಾನೇ ಸುಮ್ನಿರು ಅಂದೆ."

ಕರಿಬಸಮ್ಮ ಕಿಟಕಿಯ ಹತ್ತಿರ ಹೋಗಿ ನಿಂತಳು. ಮನೆಮನೆಯ ಬಾಗಿಲಲ್ಲಿ ತಪ್ಪು ಒಪ್ಪಿಕೊಳ್ಳುತ್ತಿದ್ದ ಬೀಗನನ್ನು ನೋಡಿದಳು. ಆಮೇಲೆ ಬಂದು ಕೂತು, "ಬೇರೆ ಏನೈತೆ?" ಅಂತ ಕೇಳಿದಳು.

ಸಂಧ್ಯಾರಾಣಿ ಮುಂದೆ ಬಂದಳು. "ಮೊಸರನ್ನ ಐತ್ರಿ. ಬೆಳಿಗ್ಗೆ ನಾನೇ ಕಲಸೀನಿ. ಮೀಸಲು ಇಟ್ಟೀನಿ."

"ಮೀಸಲೂ ಬ್ಯಾಡ, ಗೀಸಲೂ ಬ್ಯಾಡ. ತಾ ಇಲ್ಲಿ." ಕರಿಬಸಮ್ಮ ಎಲ್ಲರೂ ನೋಡುತ್ತಿದ್ದಂತೆ ಮೊಸರನ್ನದ ಬುತ್ತಿಗೆ ಕೈಹಾಕಿ, ಮೊದಲ ತುತ್ತನ್ನು ತಾನೇ ಬಾಯಿಗಿಟ್ಟುಕೊಂಡಳು. ನಿಧಾನವಾಗಿ ಅಗಿದಳು, ನುಂಗಿದಳು. ಹಿಂದೆ ಕೂತಿದ್ದ ಮುದುಕಿಯೊಬ್ಬಳು "ಶಿವನೇ" ಅಂದಳು.

"ಉಪ್ಪು ಕಮ್ಮಿ ಐತೆ," ಅಂದಳು ಕರಿಬಸಮ್ಮ. "ತಿನ್ನಿಸ್ರಿ."

ಕಸ್ತೂರಮ್ಮ ಮೊಸರನ್ನದ ತುತ್ತು ಎತ್ತಿದಳು. ರೂಪಶ್ರೀ ತಾಯಿಯ ಮುಂಗೈ ಹಿಡಿದುಕೊಂಡು ತಾನೇ ಬಾಯಿ ಹತ್ತಿರ ತಂದುಕೊಂಡು ತಿಂದಳು.

ಮಹೇಶ್ವರಪ್ಪ ಚೀಲ ತುಂಬಿಸಿಕೊಂಡು ಬಂದಾಗ ಊಟಕ್ಕೆ ಎಲೆ ಹಾಕಿದ್ದರು. ಅವನು ಒಳಗೆ ಬರದೆ ಅಂಗಳದಲ್ಲೇ ನಿಂತ. ಕರಿಬಸಮ್ಮ ಹೊರಗೆ ಬಂದಳು.

"ಎಲ್ಲಾ ಮನೆಗೂ ಹೋದ್ರಾ?"

"ಹೂಂ ತಾಯಿ. ಒಂದು ಮನ್ಯಾಗೆ ಅಜ್ಜ ಆಗ್ಲೇ ಎರಡು ತಿಂದಿತ್ತು. ಏನಾಗಲ್ಲ ಹೋಗಪ್ಪ ಅಂತು."

ಕರಿಬಸಮ್ಮನ ತುಟಿ ಅಲುಗಿತು, ನಗಲಿಲ್ಲ. ಬಾಗಿಲಿಗೆ ಬಂದು ನಿಂತ ಕಸ್ತೂರಮ್ಮನ ಕಡೆ ತಿರುಗಿದಳು. "ತಟ್ಟೆ ಹಿಂದಕ್ಕೆ ಎಳ್ಕಂಡಾಗ ನಂಗೆ ಸಿಟ್ಟು ಬಂದಿದ್ದು ಖರೆ. ನೀವು ಮಾನಕ್ಕೆ ಅಂಜಿ ತಿನ್ನಿಸಿಬಿಟ್ಟಿದ್ರೆ ನಂಗೆ ಗೊತ್ತೂ ಆಗ್ತಿರಲಿಲ್ಲ. ತಿನ್ನಿಸ್ಲಿಲ್ಲ ನೀವು. ಕರ್ಕಂಡು ಹೋಗ್ರಿ ನಿಮ್ ಮಗಳನ್ನ. ನಿಮ್ ಹತ್ರ ಇದ್ರೆ ನಂಗೆ ನಿದ್ದೆ ಬರ್ತೈತೆ." ಆಮೇಲೆ ಮಹೇಶ್ವರಪ್ಪನಿಗೆ, "ಆದ್ರೆ ಬೀಗ್ರೇ, ಹೆರಿಗೆ ಆಗೋ ತಂಕ ನೀವು ಅಡಿಗೆಮನೆ ಹೊಸ್ತಿಲು ದಾಟಂಗಿಲ್ಲ," ಅಂದಳು.

"ದಾಟಲ್ಲ," ಅಂದ ಅವನು, ಶಾಲೆಯ ಹುಡುಗನ ಹಾಗೆ.

ಸಂಜೆ ಕಾರು ಹೊರಟಿತು. ರೂಪಶ್ರೀ ಹಿಂದಿನ ಸೀಟಿನಲ್ಲಿ ತಾಯಿಯ ಹೆಗಲಿಗೆ ಒರಗಿ, ಊರು ದಾಟುವುದರೊಳಗೆ ನಿದ್ದೆ ಹೋದಳು. ಅತ್ತಿಗೆ ಸಂಧ್ಯಾರಾಣಿ ಅವಳ ಕಾಲನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಮುಂದಿನ ಸೀಟಿನಲ್ಲಿ ಮಹೇಶ್ವರಪ್ಪ ತಂಬಿಟ್ಟಿನ ಚೀಲ ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಿದ್ದ.

"ಇಷ್ಟೊಂದು ತಂಬಿಟ್ಟು," ಅಂದ ಕೊನೆಗೆ. "ಏನು ಮಾಡಾನ ಇದನ್ನ?"

"ಫೋನಾಗೆ ನೋಡ್ರಿ ಅಪ್ಪಾಜಿ," ಅಂದ ವಿನಯ್, ಸ್ಟೀರಿಂಗ್ ತಿರುಗಿಸುತ್ತ.

ಮಹೇಶ್ವರಪ್ಪ ಜೇಬಿನಿಂದ ಫೋನ್ ತೆಗೆದ. ಒಂದು ಗಳಿಗೆ ಕೈಯಲ್ಲಿ ಹಿಡಿದುಕೊಂಡಿದ್ದು ಮತ್ತೆ ಜೇಬಿಗೇ ಹಾಕಿದ. ಸೀಟಿನಲ್ಲಿ ಹಿಂದಕ್ಕೆ ತಿರುಗಿ, ಮಗಳಿಗೆ ಎಚ್ಚರವಾಗದಂತೆ ದನಿ ತಗ್ಗಿಸಿ, "ನಂಗೆ ತಿಳಿಯಲ್ಲ ಕಸ್ತೂರಿ. ನೀನೇ ಹೇಳು," ಅಂದ.

ಮದುವೆಯಾದಾಗಿನಿಂದ ಅವನು ಅವಳಿಗೆ ಎಷ್ಟೋ ಹೇಳಿದ್ದ, ಹೀಗೆ ಕೇಳಿರಲಿಲ್ಲ. ಏನು ಮಾಡಬೇಕು ಅನ್ನುವುದು ಕಸ್ತೂರಮ್ಮನಿಗೆ ಗೊತ್ತಿತ್ತು. ಆದರೂ ಅವಳು ಬಾಯಿ ಬಿಡಲಿಲ್ಲ. ಹೊನ್ನಾಳಿಯ ಹೊಳೆ ಸೇತುವೆ ಬರುವ ತನಕ ಅವನು ಹಾಗೇ ತಿರುಗಿ ನೋಡುತ್ತ ಕಾಯಲಿ ಅಂತ, ಮಗಳ ತಲೆಯ ಮೇಲೆ ಕೈಯಿಟ್ಟುಕೊಂಡು ಕೂತಳು.